ತೋಟದ ರೆಂಬೆ, ತೆರೆಯ ತದ್ರೂಪಿ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಎಂಟನೆಯ ತರಗತಿಗೆ ತತ್ಸಮ-ತದ್ಭವಗಳ ಪಾಠ ಹೇಳುತ್ತಿದ್ದೆ. ಮೂಡಿಗೆರೆಯ ಕಡೆಯ ಮಳೆ ಎಂಥದೆಂಬುದನ್ನು ಬಲ್ಲವರಿಗೆ ಹೇಳಬೇಕಾದ್ದಿಲ್ಲ. ಹೆಂಚಿನ ಮೇಲೆ ಅದು ಒಮ್ಮೆ ಹಿಡಿಯಿತೆಂದರೆ ಮೇಷ್ಟರ ಮಾತು ಮೊದಲನೆಯ ಬೆಂಚನ್ನು ದಾಟುವುದಿಲ್ಲ. ಪುಸ್ತಕ ಮಡಿಸಿ, ಸಂದೇಹಗಳಿದ್ದರೆ ಕೇಳಿರಪ್ಪಾ ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಸತ್ತುಹೋದವರ ತಲೆಗೂದಲು ಸಿಕ್ಕಿದರೆ ಅವರನ್ನು ಹಾಗೆಯೇ ಮತ್ತೆ ಮಾಡಬಹುದಂತೆ. ನಿಜವೇ?" ಎಂದು ಕೇಳಿದ. ತರಗತಿ ಗೊಳ್ಳೆಂದಿತು. "ವ್ಯಾಕರಣ ಬಿಟ್ಟು ಸಿನಿಮಾಕ್ಕೆ ಹೋದೆಯಾ, ಕೂತುಕೋ" ಎಂದುಬಿಟ್ಟೆ.

ಅವನನ್ನು ಸಾಕಿ ಬೆಳೆಸಿದ ಅಜ್ಜಿ ಎರಡು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದರೆಂಬುದು ನನಗೆ ತಿಳಿದದ್ದು ಅಂದು ಸಂಜೆ, ಉಪಾಧ್ಯಾಯರ ಕೊಠಡಿಯಲ್ಲಿ. ಇಷ್ಟು ವರ್ಷ ಮಕ್ಕಳ ನಡುವೆ ಕಳೆದವನಿಗೆ ಪ್ರಶ್ನೆಯ ಹಿಂದಿದ್ದದ್ದು ಕುತೂಹಲವೋ ಸಂಕಟವೋ ಎಂದು ತಿಳಿಯದೆ ಹೋಯಿತಲ್ಲ ಎಂದು ಆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ. ಅವನಿಗೆ ಒಂದು ಉತ್ತರದ ಬಾಕಿ ನನ್ನ ಮೇಲೆ ಉಳಿಯಿತು. ಅದಕ್ಕಾಗಿ ಓದಿದ್ದನ್ನೂ ನೋಡಿದ್ದನ್ನೂ ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ತಮ್ಮ ಮನೆಯ ಮಕ್ಕಳೂ ಇಂದಲ್ಲ ನಾಳೆ ಇಂಥದನ್ನು ಕೇಳದೆ ಬಿಡುವವರಲ್ಲ.

ಹುಡುಗ ನೋಡಿದ್ದ ಚಿತ್ರ ೨೦೦೫ರಲ್ಲಿ ಹಾಲಿವುಡ್ಡಿನಿಂದ ಬಂದ 'ದಿ ಐಲೆಂಡ್'. ಮೈಕೇಲ್ ಬೇ ಎಂಬಾತ ಇದರ ನಿರ್ದೇಶಕ. ನನ್ನ ಸೋದರಳಿಯ ರಜೆಗೆ ಬಂದಾಗ ಅದನ್ನೇ ಹಾಕಿಸಿಕೊಂಡು ನೋಡಿದೆ. ಇಂಗ್ಲಿಷ್ ಸಂಭಾಷಣೆಯಲ್ಲಿ ಅರ್ಧ ನನ್ನ ಕಿವಿಗೆ ದಕ್ಕಲಿಲ್ಲ. ಉತ್ತರಾರ್ಧವೆಲ್ಲ ಮೋಟಾರುಗಳ ಹೊಡೆದಾಟವಾದ್ದರಿಂದ ದೊಡ್ಡ ನಷ್ಟವೂ ಆಗಲಿಲ್ಲ. ಆದರೆ ಪೂರ್ವಾರ್ಧ ಚೆನ್ನಾಗಿದೆ. ಬಿಳಿಯ ಉಡುಪು ತೊಟ್ಟ ಸಾವಿರಾರು ಜನ ಮುಚ್ಚಿದ ಕಟ್ಟಡವೊಂದರಲ್ಲಿ ವಾಸವಾಗಿದ್ದಾರೆ. ಹೊರಗಿನ ಗಾಳಿಯೆಲ್ಲ ವಿಷವಾಗಿದೆ, ಉಳಿದಿರುವುದು ಒಂದೇ ಒಂದು ಶುದ್ಧವಾದ ದ್ವೀಪ, ಲಾಟರಿಯಲ್ಲಿ ಗೆದ್ದವರಿಗೆ ಅಲ್ಲಿಗೆ ಹೋಗುವ ಭಾಗ್ಯ ಎಂದು ಅವರಿಗೆ ಹೇಳಿಟ್ಟಿರುತ್ತಾರೆ. ದ್ವೀಪವೂ ಇಲ್ಲ, ವಿಷದ ಗಾಳಿಯೂ ಇಲ್ಲ. ಇವರೆಲ್ಲ ಹೊರಗಿರುವ ಸಿರಿವಂತರ ತದ್ರೂಪಿಗಳು. ಯಾರೋ ಧನಿಕನ ಯಕೃತ್ತು ಕೆಟ್ಟರೆ ಇಲ್ಲಿರುವ ಅವನ ಪ್ರತಿಗೆ 'ಲಾಟರಿ' ಹೊಡೆಯುತ್ತದೆ. ಕಥಾನಾಯಕನಿಗೆ ಮೊದಲು ಸಂಶಯ ಹುಟ್ಟಿಸುವುದು ಗಾಳಿಯ ಕೊಳವೆಯೊಳಗೆ ಹಾರಿಬಂದ ಒಂದು ಪತಂಗ. ಹೊರಗೆ ಎಲ್ಲವೂ ಸತ್ತಿದ್ದರೆ ಇದು ಎಲ್ಲಿಂದ ಬಂತು?

ಇದಕ್ಕಿಂತ ಮೌನವಾದ, ನನಗೆ ಹೆಚ್ಚು ಹಿಡಿಸಿದ ಚಿತ್ರ ೨೦೦೯ರ 'ಮೂನ್'. ನಿರ್ದೇಶಕ ಡಂಕನ್ ಜೋನ್ಸ್. ಚಂದ್ರನ ಮೇಲಿನ ಗಣಿಯೊಂದರಲ್ಲಿ ಮೂರು ವರ್ಷದ ಕರಾರಿಗೆ ಒಬ್ಬನೇ ಒಬ್ಬ ಮನುಷ್ಯ ದುಡಿಯುತ್ತಿದ್ದಾನೆ. ಹೆಂಡತಿಯ ಮುದ್ರಿತ ಸಂದೇಶಗಳು ಬರುತ್ತಿರುತ್ತವೆ. ಅವುಗಳನ್ನು ನೋಡಿಕೊಂಡು ಮನೆಗೆ ಹೋಗುವ ದಿನ ಎಣಿಸುತ್ತಾನೆ. ಒಂದು ಅಪಘಾತವಾದ ಮೇಲೆ ತನ್ನಂತೆಯೇ ಇರುವ ಇನ್ನೊಬ್ಬ ಅವನ ಎದುರು ನಿಲ್ಲುತ್ತಾನೆ. ಇಬ್ಬರೂ ಪ್ರತಿಗಳೇ. ಹೆಂಡತಿಯ ನೆನಪು ಮೂಲಪುರುಷನದು, ಆಕೆಯಾದರೋ ತೀರಿಕೊಂಡು ವರ್ಷಗಳೇ ಆಗಿವೆ.

ಈ ಎರಡು ಚಿತ್ರಗಳಲ್ಲಿಯೂ ತದ್ರೂಪಿಯೊಂದಿಗೆ ಒಂದು ಸುಳ್ಳು ಪ್ರಪಂಚವೂ ಜೋಡಿಯಾಗಿ ಬಂದಿರುವುದನ್ನು ತಾವು ಗಮನಿಸಿರಬಹುದು. ಅದು ಕಥೆಗಾರನ ಚಪಲವಲ್ಲ. ಅದಕ್ಕೊಂದು ಕಾರಣವಿದೆ, ಮತ್ತು ಆ ಕಾರಣವನ್ನು ನಮ್ಮ ಕಾಫಿ ಸೀಮೆಯ ರೈತ ಅಮೆರಿಕದ ನಿರ್ದೇಶಕನಿಗಿಂತ ಚೆನ್ನಾಗಿ ಬಲ್ಲ. ಯಾಕೆಂದರೆ 'ಕ್ಲೋನ್' ಎಂಬ ಶಬ್ದವೇ ತೋಟದ ಶಬ್ದ. ಗ್ರೀಕ್ ಭಾಷೆಯಲ್ಲಿ ರೆಂಬೆ, ಟಿಸಿಲು ಎಂದು ಅದರ ಅರ್ಥ. ಬೀಜದಿಂದಲ್ಲದೆ ತುಂಡಿನಿಂದಲೋ ಕಸಿಯಿಂದಲೋ ಬೆಳೆಸಿದ ಗಿಡಗಳಿಗೆ ಒಂದು ಹೆಸರು ಬೇಕೆಂದು ಹರ್ಬರ್ಟ್ ವೆಬರ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ೧೯೦೩ರಲ್ಲಿ ಅದನ್ನು ಬಳಕೆಗೆ ತಂದ. ಪ್ರಯೋಗಶಾಲೆಗೆ ಅದು ಹೋದದ್ದು ಆಮೇಲೆ. ಬೆಳ್ಳಿತೆರೆಗೆ ಬಂದದ್ದು ಇನ್ನೂ ಆಮೇಲೆ. (ಕಸಿ ಎಂಬ ನಮ್ಮ ಮಾತಿನ ಚಮತ್ಕಾರವೂ ಕಡಿಮೆಯದಲ್ಲ. ಗಿಡಕ್ಕೆ ಗಿಡ ಕೂಡಿಸುವುದೂ ಕಸಿ. ತೋಟದಲ್ಲಿ ನೆರಳು ಹೆಚ್ಚಾದಾಗ ಕೊಂಬೆ ಕಡಿಯುವುದೂ ಮರಗಸಿ. ಕೂಡಿಸುವುದಕ್ಕೂ ಕಡಿಯುವುದಕ್ಕೂ ಒಂದೇ ಮಾತು.)

ಹಾಗೆ ನೋಡಿದರೆ ನಮ್ಮ ಮನೆಯ ಹಿತ್ತಲೆಲ್ಲ ತದ್ರೂಪಿಗಳ ಊರೇ. ಬಾಳೆಯ ಕಂದು ತಾಯಿಬಾಳೆಯ ತದ್ರೂಪಿ. ವೀಳ್ಯದೆಲೆಯ ಬಳ್ಳಿ, ಮೆಣಸಿನ ಬಳ್ಳಿ, ದಾಸವಾಳದ ಕಡ್ಡಿ, ಹಿಳ್ಳಿನಿಂದ ಬೆಳೆಸಿದ ಏಲಕ್ಕಿ, ಎಲ್ಲವೂ ಅದೇ. ಬೀಜದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಕೂಡಿ ಹೊಸದೊಂದು ಜೀವ ಏಳುತ್ತದೆ. ಹಂಬಿನಲ್ಲಿ ಹಾಗಲ್ಲ, ಹಳೆಯ ಜೀವವೇ ಇನ್ನೊಂದು ಕಡೆ ಬೇರೂರುತ್ತದೆ. ಮೂಡಿಗೆರೆಯ ಸಂಶೋಧನಾ ಕೇಂದ್ರದಿಂದ ಹೊರಬಂದ ಏಲಕ್ಕಿಯ ತಳಿಯೊಂದಕ್ಕೆ ಮೂಡಿಗೆರೆ-೧ ಎಂದೇ ಹೆಸರು. ಒಳ್ಳೆಯ ಗಿಡವೊಂದನ್ನು ಆರಿಸಿ ಅದರ ಹಿಳ್ಳುಗಳಿಂದಲೇ ವೃದ್ಧಿಪಡಿಸಿದ ತಳಿ ಅದು.

ಸಿನಿಮಾದವರು ತಿಳಿದಂತೆ ತದ್ರೂಪಿ ಎಂದರೆ ಮೂಲದ ಅಚ್ಚುಪ್ರತಿಯಾದರೆ ಮೆಣಸಿನ ಬಳ್ಳಿ ನಮಗೆ ಇಷ್ಟು ತೊಂದರೆ ಕೊಡುತ್ತಿರಲಿಲ್ಲ. ಬುಡದಲ್ಲಿ ನೆಲದ ಮೇಲೆ ಹರಿಯುವ ಹಬ್ಬುಬಳ್ಳಿಯ ತುಂಡನ್ನು ನೆಡಿ, ಅದು ಹಾಲುವಾಣದ ಮರವನ್ನು ತಬ್ಬಿ ಮೇಲೇರುತ್ತದೆ. ಅದೇ ಬಳ್ಳಿಯ ಮೇಲ್ಗಡೆ ಗೆರೆ ಬಿಡುವ ಅಡ್ಡರೆಂಬೆಯ ತುಂಡನ್ನು ನೆಡಿ, ಅದು ಹತ್ತುವುದೇ ಇಲ್ಲ. ಕುಂಡದಲ್ಲಿ ಪೊದೆಯಾಗಿ ಕುಳಿತು ಅಲ್ಲಿಯೇ ಮೆಣಸು ಬಿಡುತ್ತದೆ. ಪಟ್ಟಣದ ಮನೆಗಳ ಮೆಟ್ಟಿಲ ಬಳಿ ಇರುವ ಪೊದೆಮೆಣಸು ಇದೇ. ಎರಡರ ಜೀವಧಾತುವೂ ಒಂದೇ, ನಡತೆ ಬೇರೆ. ರೊಬಸ್ಟಾ ಕಾಫಿಯಲ್ಲಿಯೂ ಹಾಗೆಯೇ: ನೆಟ್ಟಗೇಳುವ ಕಂಬಚಿಗುರಿನ ತುಂಡು ನೆಟ್ಟಗಿನ ಗಿಡವಾಗುತ್ತದೆ, ಅಡ್ಡರೆಕ್ಕೆಯ ತುಂಡು ಅಡ್ಡಡ್ಡ ಹರಡಿಕೊಂಡೇ ಇರುತ್ತದೆ. ಎಲ್ಲಿಂದ ಬಂದೆ ಎಂಬುದನ್ನು ತುಂಡು ಮರೆಯುವುದಿಲ್ಲ ಎನ್ನಬೇಕು.

ರೊಬಸ್ಟಾದ ವಿಷಯದಲ್ಲಿ ಇನ್ನೊಂದು ಸಂಗತಿ ಕೇಳಿದಾಗ ನಾನು ನಿಜವಾಗಿ ಬೆರಗಾದೆ. ಅರೇಬಿಕಾ ಗಿಡ ತನ್ನ ಪರಾಗದಿಂದಲೇ ತಾನು ಫಲ ಕಟ್ಟುತ್ತದೆ. ಆದ್ದರಿಂದ ಅದರ ಬೀಜದ ಸಸಿಗಳೂ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತವೆ. ರೊಬಸ್ಟಾ ಹಾಗಲ್ಲ. ತನ್ನ ಪರಾಗ ತನ್ನ ಹೂವಿಗೆ ಬಿದ್ದರೆ ಅದು ಒಪ್ಪುವುದಿಲ್ಲ, ಪರಗಿಡದ ಪರಾಗವೇ ಬೇಕು. ಹೀಗಾಗಿ ಬೀಜದಿಂದ ಬಂದ ರೊಬಸ್ಟಾ ಗಿಡಗಳು ಒಂದರಂತೆ ಒಂದಿರುವುದಿಲ್ಲ; ಚೆನ್ನಾಗಿ ಫಸಲು ಕೊಡುವ ಒಂದು ಗಿಡವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಕಸಿಯೋ ತುಂಡೋ ಗತಿ. ಸರಿ, ಅಂಥ ಒಂದು ಉತ್ತಮ ಗಿಡದಿಂದಲೇ ಹತ್ತು ಎಕರೆಯನ್ನು ತುಂಬಿಸೋಣ ಎಂದು ಯಾರಾದರೂ ಹೊರಟರೆ ಏನಾಗುತ್ತದೆ? ಹೂಮಳೆ ಬರುತ್ತದೆ, ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುತ್ತದೆ, ಜೇನುಹುಳಗಳೂ ಬರುತ್ತವೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ಅಲ್ಲಿರುವುದು ಸಾವಿರ ಗಿಡವಲ್ಲ, ಸಾವಿರ ಕಡೆ ನಿಂತ ಒಂದೇ ಗಿಡ. ಆದುದರಿಂದಲೇ ಬೇರೆ ಬೇರೆ ಮೂಲದ ತದ್ರೂಪಿಗಳನ್ನು ಸಾಲು ಬೆರೆಸಿ ನೆಡುತ್ತಾರೆ. ತದ್ರೂಪಿಗಳ ಸೈನ್ಯ ಕಟ್ಟುವ ಖಳನಾಯಕರು ತೆರೆಯ ಮೇಲೆ ಬಹಳ ಮಂದಿ ಬಂದುಹೋಗಿದ್ದಾರೆ. ಅವರಲ್ಲೊಬ್ಬನಾದರೂ ಒಮ್ಮೆ ನಮ್ಮ ರೊಬಸ್ಟಾ ತೋಟಕ್ಕೆ ಬರಬೇಕಾಗಿತ್ತು.

ಏಕರೂಪದ ಇನ್ನೊಂದು ಅಪಾಯವನ್ನು ಈ ಸೀಮೆ ಚೆನ್ನಾಗಿಯೇ ಅನುಭವಿಸಿದೆ. ಸಿಂಹಳದಲ್ಲಿ ೧೮೬೯ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾಫಿಯನ್ನು ಮುಗಿಸಿ, ಆ ದೇಶವನ್ನು ಚಹದ ಕಡೆಗೆ ತಿರುಗಿಸಿತು. ಒಂದು ಗಿಡಕ್ಕೆ ತಾಳಲಾಗದ ರೋಗ ಅದನ್ನೇ ಹೋಲುವ ಯಾವ ಗಿಡಕ್ಕೂ ತಾಳಲಾಗದು. ನಮ್ಮಲ್ಲಿ 'ಚಿಕ್' ಎಂಬ ಹಳೆಯ ತಳಿ ಹೋಗಿ, 'ಕೂರ್ಗ್' ಬಂದು, ಅದೂ ಸೋತು 'ಕೆಂಟ್ಸ್' ಬಂತು. ಕೆಂಟ್ಸ್ ಮೊದಮೊದಲು ತುಕ್ಕನ್ನು ತಡೆಯಿತು; ತುಕ್ಕು ಬೇರೊಂದು ರೂಪ ತಾಳಿ ಬಂದಾಗ ಅದೂ ಕೈಚೆಲ್ಲಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಸಮೀಪ ಕಾಫಿ ಪ್ರಯೋಗ ಕ್ಷೇತ್ರ ಆರಂಭವಾದದ್ದು ಈ ಪರದಾಟದ ನಡುವೆ. ಕೆಂಟ್ಸಿಗೆ ಬೇರೊಂದು ಜಾತಿಯ ರಕ್ತ ಬೆರೆತ ಗಿಡವನ್ನು ಕೂಡಿಸಿ ಅಲ್ಲಿ ಸಿದ್ಧಪಡಿಸಿದ ಎಸ್-೭೯೫ ತಳಿ ೧೯೪೦ರ ದಶಕದ ನಡುವೆ ತೋಟಗಳಿಗೆ ಬಂತು, ಈಗಲೂ ಗುಡ್ಡಗಳ ಮೇಲೆ ಬೇಕಾದಷ್ಟಿದೆ. ನಂಜನಗೂಡಿನ ರಸಬಾಳೆ ಕಂದಿನಿಂದ ಕಂದಿಗೆ ಬಂದ ಒಂದೇ ಜೀವ. ಸೊರಗು ರೋಗ ಹೊಕ್ಕು ಅದು ಕಣ್ಮರೆಯಾಗುವಷ್ಟಕ್ಕೆ ಬಂದ ಕಥೆ ತಮಗೆ ಗೊತ್ತೇ ಇದೆ.

ಇನ್ನು ಪ್ರಾಣಿಗಳ ಮಾತು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ೧೯೯೬ರ ಜುಲೈ ೫ರಂದು ಡಾಲಿ ಎಂಬ ಕುರಿಮರಿ ಹುಟ್ಟಿತು. ಆರು ವರ್ಷದ ಕುರಿಯೊಂದರ ಕೆಚ್ಚಲಿನ ಕೋಶದ ನ್ಯೂಕ್ಲಿಯಸ್ಸನ್ನು, ತನ್ನ ನ್ಯೂಕ್ಲಿಯಸ್ಸನ್ನು ತೆಗೆದುಹಾಕಿದ ಇನ್ನೊಂದು ಕುರಿಯ ಅಂಡದೊಳಕ್ಕೆ ಸೇರಿಸಿ, ಮೂರನೆಯ ಕುರಿಯ ಗರ್ಭದಲ್ಲಿ ಬೆಳೆಸಿದರು. ಇಂಥ ೨೭೭ ಅಂಡಗಳಲ್ಲಿ ಉಳಿದು ಬೆಳೆದದ್ದು ಇದೊಂದೇ. ಹೊತ್ತ ಕುರಿಯದು ಕಪ್ಪು ಮುಖ, ಹುಟ್ಟಿದ ಮರಿಯದು ಬಿಳಿಯ ಮುಖ. ತಾಯಿ ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಮ್ಮ ಹುಡುಗನ ಪ್ರಶ್ನೆಗೆ ಹತ್ತಿರವಾದ ಸಂಗತಿಯೆಂದರೆ, ಕೆಚ್ಚಲಿನ ಕೋಶ ಕೊಟ್ಟ ಕುರಿ ಅಷ್ಟರೊಳಗೆ ಸತ್ತುಹೋಗಿತ್ತು. ಅದರ ಕೋಶಗಳನ್ನು ಶೈತ್ಯದಲ್ಲಿ ಜೀವಂತವಾಗಿ ಇರಿಸಿದ್ದರು. ನಮ್ಮ ದೇಶದಲ್ಲಿಯೂ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯವರು ೨೦೦೯ರಲ್ಲಿ ಎಮ್ಮೆಯ ತದ್ರೂಪಿ ಕರುಗಳನ್ನು ಹುಟ್ಟಿಸಿದರು. ಮೊದಲನೆಯದು ಕೆಲವೇ ದಿನ ಬದುಕಿತು, ಅದೇ ವರ್ಷದ ಜೂನಿನಲ್ಲಿ ಹುಟ್ಟಿದ ಗರಿಮಾ ಎಂಬುದು ಉಳಿಯಿತು. ಮನುಷ್ಯನ ತದ್ರೂಪಿ ಹುಟ್ಟಿದ್ದಕ್ಕೆ ಮಾತ್ರ ಇದುವರೆಗೆ ಎಲ್ಲಿಯೂ ಪುರಾವೆಯಿಲ್ಲ. ಬಾಚಣಿಗೆಗೆ ಸಿಕ್ಕ ಕೂದಲಿನಿಂದಂತೂ ಆಗದು, ಜೀವ ಉಳಿದಿರುವ ಕೋಶವೇ ಬೇಕು.

ಆದರೆ ಗಮನಿಸಿ, ಡಾಲಿ ಆರು ವರ್ಷದ ಕುರಿಯಾಗಿ ಹುಟ್ಟಲಿಲ್ಲ. ಮರಿಯಾಗಿ ಹುಟ್ಟಿ, ಹಾಲು ಕುಡಿದು, ತನ್ನ ಕೊಟ್ಟಿಗೆಯನ್ನೂ ತನ್ನ ಜನರನ್ನೂ ತಾನೇ ಪರಿಚಯ ಮಾಡಿಕೊಂಡಿತು. ಸತ್ತ ಕುರಿ ಮೇದ ಹುಲ್ಲುಗಾವಲು ಅದಕ್ಕೆ ತಿಳಿಯದು. ಇಷ್ಟೇ ಅಲ್ಲ, ೨೦೦೧ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸಿನಲ್ಲಿ ಒಂದು ಮೂರು ಬಣ್ಣದ ಬೆಕ್ಕಿನ ತದ್ರೂಪಿಯನ್ನು ಪಡೆದರು. ಮರಿಯ ಮೈಬಣ್ಣ ತಾಯಿಯಂತೆ ಇರಲಿಲ್ಲ! ಯಾವ ಕೋಶದಲ್ಲಿ ಯಾವ ಬಣ್ಣದ ಗುಣ ಎದ್ದಿರಬೇಕು, ಯಾವುದು ಮಲಗಿರಬೇಕು ಎಂಬುದು ಗರ್ಭದಲ್ಲಿ ಆಕಸ್ಮಿಕವಾಗಿ ನಿರ್ಧಾರವಾಗುವ ಸಂಗತಿಯಂತೆ. ಮನುಷ್ಯರಲ್ಲಿ ಒಂದೇ ಅಂಡದಿಂದ ಹುಟ್ಟಿದ ಅವಳಿಗಳು ಪ್ರಕೃತಿಯೇ ಮಾಡಿದ ತದ್ರೂಪಿಗಳು. ಅವರ ಬೆರಳಚ್ಚುಗಳೂ ಒಂದೇ ಆಗಿರುವುದಿಲ್ಲ. ಹಿಂದೊಮ್ಮೆ ನನ್ನ ತರಗತಿಯಲ್ಲಿ ಅಂಥ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಳ ಅಂಕಗಳನ್ನು ಇನ್ನೊಬ್ಬಳಿಗೆ ಹಾಕಿ, ಗದರಬೇಕಾದವಳನ್ನು ಹೊಗಳಿ, ಹೊಗಳಬೇಕಾದವಳನ್ನು ಗದರಿ ನಾನು ಪಟ್ಟ ಫಜೀತಿ ಅಷ್ಟಿಷ್ಟಲ್ಲ. ಅವರ ತಾಯಿಯಾದರೋ ಕತ್ತಲೆಯಲ್ಲಿ ಕೆಮ್ಮಿದರೂ ಇಂಥವಳೇ ಎಂದು ಹೇಳುತ್ತಿದ್ದರು.

ಅಂದು ಮಳೆಯಲ್ಲಿ ನಿಂತುಹೋದ ಪಾಠಕ್ಕೆ ಮರಳಿ ಬರುವುದಾದರೆ, ಸಿನಿಮಾದವರು ತದ್ರೂಪಿಯನ್ನು ತತ್ಸಮವೆಂದು ಭಾವಿಸುತ್ತಾರೆ, ಅದು ತದ್ಭವ. 'ಅದಕ್ಕೆ ಸಮ' ಅಲ್ಲ, 'ಅದರಿಂದ ಹುಟ್ಟಿದ್ದು'. ಹೊಸ ನಾಲಗೆಯ ಮೇಲೆ ಹೊಸದಾಗಿ ಬೆಳೆಯಲೇ ಬೇಕಾದದ್ದು.

ಇದು ಕಥೆಗಾರನಿಗೆ ದೊಡ್ಡ ತೊಡಕು. ಒಬ್ಬ ಮನುಷ್ಯನ ಎದುರು ಅವನ ತದ್ರೂಪಿಯಾದ ತೊಟ್ಟಿಲ ಕೂಸನ್ನು ತಂದಿಟ್ಟರೆ ಚಿತ್ರಮಂದಿರದಲ್ಲಿ ಯಾರು ಬೆಚ್ಚುತ್ತಾರೆ? ಅದಕ್ಕಾಗಿ ಪ್ರತಿಯನ್ನು ಬೆಳೆದ ಗಂಡಸನ್ನಾಗಿಯೇ ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಅವನಿಗಿಲ್ಲದ ಬಾಲ್ಯವನ್ನು ತಲೆಯೊಳಗೆ ತುಂಬಬೇಕು. ತುಂಬಿದ್ದು ಬಯಲಾಗದಂತೆ ಸುತ್ತ ಗೋಡೆ ಕಟ್ಟಿ, ಹೊರಗಿನದೆಲ್ಲ ವಿಷವೆಂದು ಹೇಳಬೇಕು. ದೇಹದ ಪ್ರತಿಯನ್ನು ವಿಜ್ಞಾನ ಕೊಟ್ಟೀತು, ವ್ಯಕ್ತಿಯ ಪ್ರತಿ ಬೇಕಾದರೆ ಇಡೀ ಪ್ರಪಂಚವನ್ನೇ ಸುಳ್ಳಾಗಿ ಕಟ್ಟಬೇಕಾಗುತ್ತದೆ. ಆ ಎರಡು ಚಿತ್ರಗಳಲ್ಲಿಯೂ ಎರಡು ವಸ್ತುಗಳು ಒಟ್ಟಿಗೆ ಬಂದದ್ದು ಇದಕ್ಕೇ. ಇದನ್ನು ತೀರ ಸರಿಯಾಗಿ ಹಿಡಿದದ್ದು ೧೯೭೮ರಷ್ಟು ಹಿಂದಿನ 'ದಿ ಬಾಯ್ಸ್ ಫ್ರಮ್ ಬ್ರೆಜಿಲ್' ಎಂಬ ಚಿತ್ರ. ಅಲ್ಲಿ ಹಿಟ್ಲರನ ತದ್ರೂಪಿಗಳಾದ ೯೪ ಗಂಡುಮಕ್ಕಳನ್ನು ಹುಟ್ಟಿಸಿದ ದುಷ್ಟ ವೈದ್ಯನಿಗೆ ಅಷ್ಟು ಸಾಲದೆಂದು ಗೊತ್ತಿದೆ. ಹಿಟ್ಲರನ ಮನೆಯಂಥದೇ ಮನೆಗಳನ್ನು ಹುಡುಕಿ ಮಕ್ಕಳನ್ನು ದತ್ತು ಕೊಡಿಸುತ್ತಾನೆ. ಹಿಟ್ಲರನ ತಂದೆ ಸತ್ತ ವಯಸ್ಸಿಗೇ ಆ ಸಾಕುತಂದೆಯರೆಲ್ಲರೂ ಸಾಯಬೇಕೆಂದು ಕೊಲೆಗಡುಕರನ್ನು ಅಟ್ಟುತ್ತಾನೆ. ಎಷ್ಟು ಕಷ್ಟ ನೋಡಿ, ಒಬ್ಬನನ್ನು ಇನ್ನೊಮ್ಮೆ ಮಾಡುವುದು!

ಸುಳ್ಳು ಪ್ರಪಂಚದ ಕಥೆ ಪಶ್ಚಿಮದವರ ಹೊಸ ಆವಿಷ್ಕಾರವೆಂದು ಮಕ್ಕಳು ತಿಳಿದಿರುತ್ತಾರೆ. ೧೯೯೯ರ 'ದಿ ಮೇಟ್ರಿಕ್ಸ್' ಚಿತ್ರದಲ್ಲಿ ಯಂತ್ರಗಳು ಮನುಷ್ಯರನ್ನು ತೊಟ್ಟಿಗಳಲ್ಲಿ ಮಲಗಿಸಿ, ಇಡೀ ನಗರಜೀವನವನ್ನು ಕನಸಾಗಿ ಉಣಿಸುತ್ತವೆ. ೨೦೦೩ರ ಮುಂದಿನ ಭಾಗದಲ್ಲಿ ಒಬ್ಬ ಖಳ ತನ್ನನ್ನೇ ನೂರಾಗಿ ಮಾಡಿಕೊಂಡು ಮೇಲೆ ಬೀಳುತ್ತಾನೆ. ದೀಪಾವಳಿಯ ಮೇಲೆ ಘಟ್ಟದ ಕೆಳಗಿನಿಂದ ಮೇಳಗಳು ಬಂದಾಗ 'ದೇವಿ ಮಹಾತ್ಮೆ' ಆಟ ನೋಡಿದವರಿಗೆ ಇದೇನು ಹೊಸದೇ? ರಕ್ತಬೀಜನ ಒಂದೊಂದು ಹನಿಯಿಂದ ಒಬ್ಬೊಬ್ಬ ರಕ್ತಬೀಜ. ಸೂರ್ಯನ ತಾಪ ತಾಳಲಾರದೆ ಸಂಜ್ಞಾದೇವಿ ತನ್ನ ಛಾಯೆಯನ್ನೇ ಹೆಂಡತಿಯಾಗಿ ಇರಿಸಿ ಹೋದಳು. ಯೋಗವಾಸಿಷ್ಠದ ಗಾಧಿ ನೀರಿನಲ್ಲಿ ಮುಳುಗಿ ಏಳುವಷ್ಟರಲ್ಲಿ ಬೇರೊಂದು ಜನ್ಮವನ್ನು ಹುಟ್ಟಿನಿಂದ ಸಾವಿನವರೆಗೆ ಬಾಳಿ ಬಂದ. ಆಮೇಲೆ ಹುಡುಕಿಕೊಂಡು ಹೋದರೆ ಆ ಊರು, ಆ ಜನ, ಎಲ್ಲವೂ ಇದ್ದವು! ೧೯೫೭ರ 'ಮಾಯಾಬಜಾರ್' ಚಿತ್ರದ ಘಟೋತ್ಕಚ ಶಶಿರೇಖೆಯ ರೂಪ ತಾಳಿ, ಇಲ್ಲದ ನಗರವನ್ನೇ ಇರುವಂತೆ ತೋರಿಸಿದ್ದನ್ನು ಹಿರಿಯರು ಮರೆತಿರಲಾರರು. ಕನ್ನಡದಲ್ಲಿಯೇ ೨೦೧೩ರಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಬಂತು. ಪ್ರೇಕ್ಷಕರಿಂದಲೇ ಹಣ ಕೂಡಿಸಿ ತೆಗೆದ ಚಿತ್ರ. ನಿದ್ರೆ ಬಾರದ ಚಿತ್ರಮಂದಿರದ ಹುಡುಗ, ಒಂದು ಗುಳಿಗೆ, ಒಂದು ಬದುಕು ಬಣ್ಣದಲ್ಲಿ, ಒಂದು ಬದುಕು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ಎಚ್ಚರ ಎಂಬುದನ್ನು ನೋಡದವರಿಗಾಗಿ ನಾನಿಲ್ಲಿ ಬಿಟ್ಟುಕೊಡುವುದಿಲ್ಲ.

ಇವುಗಳಲ್ಲೆಲ್ಲ ನನಗೆ ಗುರುವೆನಿಸಿದವಳು ದಮಯಂತಿ. ಸ್ವಯಂವರದ ಮಂಟಪದಲ್ಲಿ ಐವರು ನಳರು ಕುಳಿತಿದ್ದಾರೆ. ನಾಲ್ವರು ಇಂದ್ರ, ಅಗ್ನಿ, ವರುಣ, ಯಮ. ಒಬ್ಬ ಮಾತ್ರ ನಿಷಧದ ಅರಸು. ಮುಖ ನೋಡಿ ಆರಿಸುವಂತಿಲ್ಲ. ಆಕೆ ದೇವತೆಗಳನ್ನೇ ಪ್ರಾರ್ಥಿಸುತ್ತಾಳೆ, ಅವರು ತಮ್ಮ ಚಿಹ್ನೆಗಳನ್ನು ತೋರಿಸುತ್ತಾರೆ: ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಮಾಲೆ ಬಾಡಿಲ್ಲ, ಪಾದ ನೆಲಕ್ಕೆ ಸೋಕಿಲ್ಲ. ಐದನೆಯವನ ಮೈಮೇಲೆ ಧೂಳಿದೆ, ಮಾಲೆ ಬಾಡಿದೆ, ನೆರಳು ಬಿದ್ದಿದೆ. ಆಕೆ ಬಾಡಿದ ಮಾಲೆಯವನ ಕೊರಳಿಗೇ ಹೊಸ ಮಾಲೆ ಹಾಕುತ್ತಾಳೆ. ೧೯೮೨ರ 'ಬ್ಲೇಡ್ ರನ್ನರ್' ಚಿತ್ರದಲ್ಲಿ ಕೃತಕ ಮಾನವರನ್ನು ಪತ್ತೆಹಚ್ಚುವ ಅಧಿಕಾರಿ ಯಂತ್ರವೊಂದನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಕೇಳುತ್ತ ಅವರ ಕಣ್ಣನ್ನೇ ನೋಡುತ್ತಾನೆ. ದಮಯಂತಿಯೂ ನೋಡಿದ್ದು ಕಣ್ಣನ್ನೇ.

ರೇಡಿಯೋ ಕೇಳುವ ನಮಗೆ ಕಣ್ಣಿನ ಈ ಆಧಾರವೂ ಇಲ್ಲ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಆರಂಭವಾದ ಬಾನುಲಿಗೆ ಒಪ್ಪಿದ ಹೆಸರು 'ಆಕಾಶವಾಣಿ'. ಪುರಾಣಗಳಲ್ಲಿ ಅದು ದೇಹವಿಲ್ಲದ ದನಿ. ಕಂಸ ಅದನ್ನು ಕೇಳಿದ ಕೂಡಲೇ ಖಡ್ಗ ಹಿರಿದ. ಯಾರು ನುಡಿದದ್ದು ಎಂದು ಕೇಳಲೂ ಇಲ್ಲ. ಅಮೆರಿಕದಲ್ಲಿ ೧೯೩೮ರ ಅಕ್ಟೋಬರ್ ೩೦ರಂದು ಆರ್ಸನ್ ವೆಲ್ಸ್ ಎಂಬ ನಟ ಮಂಗಳ ಗ್ರಹದವರ ದಂಡಯಾತ್ರೆಯ ಕಥೆಯನ್ನು ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿದಾಗ ಕೆಲವರು ನಿಜವೆಂದೇ ನಂಬಿದರು. ಊರಿಗೆ ಊರೇ ಓಡಿತೆಂಬುದು ಪತ್ರಿಕೆಗಳು ಉಬ್ಬಿಸಿದ ಮಾತೆಂದು ಈಚಿನ ವಿದ್ವಾಂಸರು ಹೇಳುತ್ತಾರೆ. ಇರಲಿ. ಭದ್ರಾವತಿಯ ನಿಲಯ ೧೯೬೫ರಲ್ಲಿ ಆರಂಭವಾದಂದಿನಿಂದ ನಮ್ಮ ಮಲೆನಾಡಿನ ಮನೆಗಳು ದನಿಯನ್ನು ಕೇಳಿ ಮನುಷ್ಯರನ್ನು ಗುರುತಿಸುವುದಕ್ಕೆ ಒಗ್ಗಿಹೋಗಿವೆ.

ಇಂದು ತದ್ರೂಪಿ ನಮ್ಮ ಮನೆ ಹೊಗುತ್ತಿರುವುದು ಈ ಬಾಗಿಲಿನಿಂದಲೇ. ದೇಹವನ್ನು ಪ್ರತಿ ಮಾಡಲಾಗದವರು ದನಿಯನ್ನು ಪ್ರತಿ ಮಾಡುತ್ತಾರೆ. ಸ್ವಲ್ಪ ಹೊತ್ತಿನ ಧ್ವನಿಮುದ್ರಣವಿದ್ದರೆ ಕಂಪ್ಯೂಟರು ಆ ಕಂಠದಲ್ಲಿ ಬೇಕಾದ ಮಾತನ್ನು ನುಡಿಸಬಲ್ಲದು. ಚಿಕ್ಕಮಗಳೂರು ಪೇಟೆಯಲ್ಲಿರುವ ನನ್ನ ತಂಗಿಗೆ ಹೋದ ವರ್ಷ ಒಂದು ಫೋನು ಬಂತು. ಬೆಂಗಳೂರಿನಲ್ಲಿರುವ ಮಗನ ದನಿ: ಅಮ್ಮಾ, ಅಪಘಾತವಾಗಿದೆ, ಆಸ್ಪತ್ರೆಗೆ ಕಟ್ಟಬೇಕು, ಈಗಲೇ ಹಣ ಕಳಿಸು. ಅವನದೇ ದನಿ ಎಂದು ಆಕೆ ಈಗಲೂ ಆಣೆ ಮಾಡುತ್ತಾಳೆ. ಕೈಕಾಲು ನಡುಗಿ, ಏನು ಮಾತಾಡುತ್ತಿದ್ದೇನೆಂದು ತಿಳಿಯದೆ, "ಕರಿಯನಿಗೆ ಔಷಧಿ ತಂದಿಟ್ಟಿದ್ದೆಯಲ್ಲ, ಎಲ್ಲಿದೆಯೋ?" ಎಂದುಬಿಟ್ಟಳು. ಕರಿಯ ಮನೆಯ ಮುದಿನಾಯಿ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮತ್ತೆ ಅದೇ ಪಲ್ಲವಿ, ಹಣ ಕಳಿಸು. ನಾಯಿಯ ಔಷಧಿ ಕೇಳಿದರೆ ಸುಮ್ಮನಿರುವ ಹುಡುಗನಲ್ಲ ಅವನು. ಆಕೆ ಫೋನಿಟ್ಟು ತನ್ನಲ್ಲಿದ್ದ ಮಗನ ಸಂಖ್ಯೆಗೆ ಮಾಡಿದಳು. ಅವನು ಕಛೇರಿಯಲ್ಲಿ ಕಾಫಿ ಕುಡಿಯುತ್ತಿದ್ದ.

ತಮ್ಮ ಮನೆಯಲ್ಲಿಯೂ ಅಂಥದೊಂದು ಪ್ರಶ್ನೆಯನ್ನು ಮೊದಲೇ ಮಾತಾಡಿಕೊಂಡಿರಿ. ಹೊರಗಿನವರಿಗೆ ತಿಳಿಯದ, ಮನೆಯವರು ಮರೆಯಲಾರದ ಪ್ರಶ್ನೆ. ಎಷ್ಟೇ ಪರಿಚಿತವಾದ ದನಿ ಹಣ ಕೇಳಲಿ, ಫೋನಿಟ್ಟು, ತಮ್ಮಲ್ಲಿರುವ ಹಳೆಯ ಸಂಖ್ಯೆಗೆ ತಾವೇ ತಿರುಗಿ ಮಾಡಿ. ಹಣ ಹೋಗಿಯೇ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ ತಿಳಿಸಿ.

ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವನನ್ನು ಕರೆದು ಕೂರಿಸಿಕೊಂಡೆ. ಅಂದು ಗದರಿದ್ದು ತಪ್ಪಾಯಿತು ಎಂದೆ. ಡಾಲಿಯ ಕಥೆ, ಬೆಕ್ಕಿನ ಕಥೆ ಹೇಳಿದೆ. ಅವನು ಸುಮ್ಮನೆ ಕೇಳಿ, ಜೇಬಿನಿಂದ ಅಣ್ಣನ ಮೊಬೈಲು ತೆಗೆದ. ಅಜ್ಜಿಯ ದನಿ ಅದರಲ್ಲಿದೆಯಂತೆ. ಅಣ್ಣನ ಸ್ನೇಹಿತನೊಬ್ಬ ಆ ದನಿಯಲ್ಲಿ ಹೊಸ ಮಾತು ಆಡಿಸಿಕೊಡುತ್ತೇನೆಂದಿದ್ದಾನಂತೆ. "ಆಡಿಸಲೋ ಬೇಡವೋ ಸಾರ್?" ಎಂದ. ಇದಕ್ಕೆ ನನ್ನ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಇದ್ದ ಮಾತನ್ನು ಮೊದಲು ಕೇಳಿಸು ಎಂದೆ. ಕೇಳಿಸಿದ. ಅಡಿಗೆಮನೆಯ ಸದ್ದಿನ ನಡುವೆ ಒಬ್ಬ ಮುದುಕಿ, ಒದ್ದೆ ಅಂಗಿ ಬಿಚ್ಚಿ ಒಲೆಯ ಮೇಲಿನ ತಂತಿಗೆ ಹಾಕು ಎಂದು ಯಾರನ್ನೋ ಗದರುತ್ತಿದ್ದರು. ಹಿಂದೆ ಮಳೆಯ ಸದ್ದು. "ಅವತ್ತು ನಾನು ಶಾಲೆಯಿಂದ ನೆನೆದುಕೊಂಡು ಬಂದಿದ್ದೆ" ಎಂದ. ನಾವಿಬ್ಬರೂ ಅದನ್ನು ಇನ್ನೊಮ್ಮೆ ಕೇಳಿದೆವು. ಹೊಸ ಮಾತಿನ ವಿಚಾರ ಅವನು ಮತ್ತೆ ಎತ್ತಲಿಲ್ಲ.

ಎದ್ದು ಹೊರಡುವಾಗ, ಅಜ್ಜಿ ಮದುವೆಯಾಗಿ ಬಂದಾಗ ಕಳಸದ ಹತ್ತಿರದ ತವರಿನಿಂದ ಒಂದು ಮೆಣಸಿನ ಹಂಬು ತಂದು ಹಿತ್ತಲ ಹಾಲುವಾಣಕ್ಕೆ ಹಬ್ಬಿಸಿದ್ದರೆಂದು ಹೇಳಿದ. ಹಾಗಾದರೆ ಕ್ಲೋನ್ ನಿಮ್ಮ ಮನೆಯಲ್ಲೇ ಇದೆಯಲ್ಲೋ, ಅದು ಅಜ್ಜಿಯ ತವರಿನ ಬಳ್ಳಿಯೇ, ಬೇರೆಯದಲ್ಲ ಎಂದೆ. ಸ್ವಲ್ಪ ಯೋಚಿಸಿ, "ತವರಿನ ಬಳ್ಳಿ ಸೊರಗುರೋಗ ಬಂದು ಹೋಯಿತಂತೆ ಸಾರ್, ಹಾಗಾದರೆ ಇಲ್ಲಿರುವುದೇ ಅದು" ಎಂದ.

ಫಾಲ್ಗುಣದಲ್ಲಿ ಬುಡದ ಹಬ್ಬುಬಳ್ಳಿ ಕತ್ತರಿಸಿ, ಚೀಲಗಳಲ್ಲಿ ಮಣ್ಣು ತುಂಬಿ ನೆಟ್ಟು, ಎರಡನ್ನು ನನಗೂ ತಂದುಕೊಟ್ಟ. ಒಂದು ಬೇರು ಬಿಡದೆ ಒಣಗಿತು. ಇನ್ನೊಂದನ್ನು ಈ ಜೂನಿನಲ್ಲಿ ಮನೆಯ ಮುಂದಿನ ಸಿಲ್ವರ್ ಓಕಿನ ಬುಡದಲ್ಲಿಟ್ಟಿದ್ದೇನೆ. ನಾಲ್ಕು ಎಲೆ ಬಿಟ್ಟಿದೆ.